ಮೇಜನ್ನು ಮಗುಚಿ ನೋಡಿ

ಹಳೇ ಸಾಮಾನಿನಿಂದ ಮನೆ ತುಂಬಿಸಬೇಕೆನ್ನುವವರಿಗೆ ಪುಣೆ ಬಳಿಯ ತಳೇಗಾಂವ ದಾಭಾಡೆಯಲ್ಲಿ ಒಂದು ಅನುಕೂಲವಿದೆ, ಒಂದು ಕಾಟವೂ ಇದೆ. ಅನುಕೂಲ ಏನೆಂದರೆ ಇದು ಬಂದುಹೋಗುವವರ ಊರು. ಇಲ್ಲಿನ ಎಂಐಡಿಸಿ ಕೈಗಾರಿಕಾ ವಲಯಕ್ಕೆ, ಪಕ್ಕದ ಚಾಕಣಕ್ಕೆ ಕೆಲಸಕ್ಕೆ ಬಂದವರು ಮೂರ್ನಾಲ್ಕು ವರ್ಷ ಇದ್ದು, ವರ್ಗವಾದ ವಾರ ಕಪಾಟು, ಮಂಚ, ಊಟದ ಮೇಜು ಎಲ್ಲವನ್ನೂ ಬಂದ ಬೆಲೆಗೆ ಬಿಟ್ಟು ಹೊರಡುತ್ತಾರೆ. 2008ರಲ್ಲಿ ಇಲ್ಲಿ ಶುರುವಾದ ಜನರಲ್ ಮೋಟರ್ಸ್ ಕಾರ್ಖಾನೆ 2020ರ ಡಿಸೆಂಬರಿನಲ್ಲಿ ಉತ್ಪಾದನೆ ನಿಲ್ಲಿಸಿತು, ಆಮೇಲೆ ಹ್ಯುಂಡೈ ಅದನ್ನು ಕೊಂಡಿತು. ಕಾರ್ಖಾನೆಯೇ ಕೈ ಬದಲಾಯಿಸುವ ಊರಿನಲ್ಲಿ ಸೋಫಾ ಕೈ ಬದಲಾಯಿಸುವುದು ಯಾವ ದೊಡ್ಡ ಮಾತು! ಕಾಟ ಮಾತ್ರ ಮಳೆಯದು. ನಮ್ಮ ಈ ಮಾವಳ ಸೀಮೆಯ ಮಳೆ ಹಿಡಿದರೆ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ಪೇಟೆಯಲ್ಲಿ ಚೆನ್ನಾಗಿ ಕಂಡ ಮರದ ಬಣ್ಣ ಆಗ ಬಯಲಾಗುತ್ತದೆ.

ಹುಡುಕಾಟವನ್ನು ನಿಮ್ಮ ವಸತಿ ಸಮುಚ್ಚಯದ ವಾಟ್ಸಾಪ್ ಗುಂಪಿನಿಂದಲೇ ಶುರುಮಾಡಿ. ಎರಡು ಕಟ್ಟಡ ಆಚೆಯಿಂದ ಬರುವ ಕಪಾಟಿಗೆ ಸಾಗಾಟದ ಖರ್ಚಿಲ್ಲ. ಸಾಗಾಟವೇ ಈ ವ್ಯವಹಾರದ ಕಳ್ಳ. 1,200 ರೂಪಾಯಿಗೆ ಸಿಕ್ಕ ಮೇಜಿಗೆ ಛೋಟಾ ಹಾಥಿ ಟೆಂಪೊ ಬಾಡಿಗೆ 1,500, ಹೊತ್ತು ಮೇಲೆ ತಂದವರಿಗೆ 400, ಪಾಲಿಶಿಗೆ 2,000 ಆದರೆ ಅದು 5,100 ರೂಪಾಯಿಯ ಮೇಜು. ಆ ಲೆಕ್ಕ ಹಾಕಿಯೇ ಚೌಕಾಸಿಗೆ ಇಳಿಯಬೇಕು. ಲಿಫ್ಟಿನ ಬಾಗಿಲು, ಮೆಟ್ಟಿಲ ತಿರುವು, ಮನೆ ಬಾಗಿಲು, ಈ ಮೂರರ ಅಳತೆಯನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ನಾನು ಬರೆದಿಟ್ಟುಕೊಳ್ಳದೆ ತಂದ ಬೀರು ಒಂದು ರಾತ್ರಿ ಪಾರ್ಕಿಂಗಿನಲ್ಲಿ ಮಲಗಿತ್ತು.

ಚಿಕ್ಕಪುಟ್ಟ ಸಾಮಾನಿಗೆ ಪುಣೆಯ ಮಂಗಳವಾರ ಪೇಟೆಯ ಜುನಾ ಬಾಜಾರಿಗೆ ಹೋಗಬೇಕು. ಪೇಟೆಯ ಹೆಸರು ಮಂಗಳವಾರ, ಸಂತೆ ಮಾತ್ರ ಬುಧವಾರ ಮತ್ತು ಭಾನುವಾರ. ಲೋಣಾವಳ–ಪುಣೆ ಲೋಕಲ್ ಹತ್ತಿ ಶಿವಾಜಿನಗರದಲ್ಲೋ ಪುಣೆ ಸ್ಟೇಷನ್ನಿನಲ್ಲೋ ಇಳಿದರೆ ಅಲ್ಲಿಂದ ಆಟೋದಲ್ಲಿ ಸ್ವಲ್ಪವೇ ದೂರ. ಹಿತ್ತಾಳೆ ಡಬ್ಬಿ, ಪಿಂಗಾಣಿ ಬರಣಿ, ಬೀಗ, ಗಡಿಯಾರದ ಮುಖ, ಪಾವು-ಸೇರಿನ ಅಳತೆ ಪಾತ್ರೆ ಎಲ್ಲ ನೆಲದ ಮೇಲೆ ಹರಡಿರುತ್ತವೆ. ಬೆಳಿಗ್ಗೆ ಹೋದರೆ ಆಯ್ಕೆ ಹೆಚ್ಚು, ಇಳಿಹೊತ್ತಿನಲ್ಲಿ ಹೋದರೆ ಬೆಲೆ ಕಡಿಮೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಕೇಳಿದ ಬೆಲೆಯ ಅರ್ಧಕ್ಕೆ ಮಾತು ತೆಗೆದರೆ ಯಾರೂ ಬೇಸರಪಡುವುದಿಲ್ಲ.

ಇನ್ನು ಕಥೆ. ‘ವಾಡೆಯಿಂದ ಬಂದದ್ದು, ಪೇಶ್ವೆ ಕಾಲದ್ದು’ ಎಂಬ ಮಾತಿಗೆ ಇಲ್ಲಿ ಬರವಿಲ್ಲ. ಗಾಜಿನ ಸಾಮಾನಾದರೆ ನಮ್ಮ ಊರಿನ ಹೆಸರೂ ಬರುತ್ತದೆ. ಜನರಿಂದ ಒಂದೊಂದು ಪೈಸೆ ಕೂಡಿಸಿ, ಟಿಳಕರ ಬೆಂಬಲದಲ್ಲಿ, 1908ರಲ್ಲಿ ತಳೇಗಾಂವದಲ್ಲಿ ‘ಪೈಸಾ ಫಂಡ್’ ಗಾಜಿನ ಕಾರ್ಖಾನೆ ಕಟ್ಟಿದ್ದು ನಿಜವಾದ ಇತಿಹಾಸ. ಆದರೆ ಕೈಯಲ್ಲಿರುವ ಶೀಷೆ ಅಲ್ಲಿಯದೇ ಎನ್ನುವುದಕ್ಕೆ ಗುರುತು ಬೇಕಲ್ಲ? ಗುರುತಿಲ್ಲದಿದ್ದರೆ ಶೀಷೆಗೆ ಮಾತ್ರ ದುಡ್ಡು ಕೊಡಿ, ಕಥೆಯನ್ನು ಪುಕ್ಕಟೆ ಕೇಳಿ ಬನ್ನಿ.

ಮರದ ಸಾಮಾನನ್ನು ಕಣ್ಣಿಗಿಂತ ಹೆಚ್ಚಾಗಿ ಕೈಯಿಂದ ನೋಡಬೇಕು. ಮೇಜನ್ನು ಮಗುಚಿ ಹಾಕಿ. ಮೇಲ್ಭಾಗಕ್ಕೆ ಪಾಲಿಶ್ ಬಳಿದಿರುತ್ತಾರೆ, ಅಡಿಗೆ ಬಳಿಯುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಮೇಲಿನ ಮರದ ಗೆರೆ ಅಂಚಿನಲ್ಲೂ ಮುಂದುವರಿದಿದ್ದರೆ ಅದು ಗಟ್ಟಿ ಮರ. ಅಂಚಿನಲ್ಲಿ ಪದರ ಪದರ ಕಂಡರೆ ಪ್ಲೈವುಡ್. ಪುಡಿ ಒತ್ತಿ ಮಾಡಿದ ಹಲಗೆಯಾದರೆ ಎಷ್ಟೇ ಅಗ್ಗವಿದ್ದರೂ ಬೇಡ, ಒಂದು ಮಳೆಗಾಲಕ್ಕೆ ರಸ್ಕಿನಂತೆ ಉಬ್ಬಿ ಸ್ಕ್ರೂ ಸಡಿಲಾಗುತ್ತದೆ. ಮೂಲೆಯಲ್ಲಿ ಮೊಳೆಯಿಲ್ಲದೆ ಮರದೊಳಗೆ ಮರ ಕೂರಿಸಿದ್ದರೆ ಒಳ್ಳೆ ಬಡಗಿಯ ಕೆಲಸ. ಕಾಲು ಅಲುಗಾಡಿದರೂ ಅಂಥದ್ದನ್ನು ರಿಪೇರಿ ಮಾಡಬಹುದು.

ಆಮೇಲೆ ಹುಳ. ಗುಂಡುಸೂಜಿ ಚುಚ್ಚಿದಂಥ ತೂತುಗಳಿದ್ದರೆ ಗಾಬರಿ ಬೇಡ, ಅವು ಹುಳ ಹೊರಬಿದ್ದ ಬಾಗಿಲು. ಹುಳ ಇನ್ನೂ ಒಳಗಿದೆಯೇ ಎಂದು ತಿಳಿಯಲು ಕಾಲನ್ನು ನೆಲಕ್ಕೆ ಕುಟ್ಟಿ. ತೂತಿನಿಂದ ಟಾಲ್ಕಂ ಪೌಡರಿನಂಥ ತಿಳಿಬಣ್ಣದ ಹೊಸ ಪುಡಿ ಉದುರಿದರೆ ಊಟ ನಡೆದಿದೆ ಎಂದರ್ಥ. ಒಮ್ಮೆ ಬೆತ್ತದ ಕುರ್ಚಿಯೊಂದಕ್ಕೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದೆ. ನಡುವೆ ಫೋನಿನಲ್ಲಿ ನನ್ನ ಕನ್ನಡ ಕೇಳಿದ ಅಂಗಡಿಯವನ ದನಿಯೇ ಬದಲಾಯಿತು: “ಅಕ್ಕಾರ, ಇದಕ್ಕ ಹುಳ ಹತ್ತೈತ್ರಿ, ಒಯ್ಯಬ್ಯಾಡ್ರಿ. ಮುಂದಿನ ವಾರ ಬರ್ರಿ.” ವಿಜಯಪುರ ಕಡೆಯವನು. ಎಲ್ಲರಿಗೂ ಇಂಥ ಅಣ್ಣ ಸಿಗುವುದಿಲ್ಲವಾದ್ದರಿಂದ ಕುಟ್ಟಿ ನೋಡುವುದೇ ಕ್ಷೇಮ. ತಂದ ಮೇಲೂ ಎರಡು ವಾರ ಬಾಲ್ಕನಿಯಲ್ಲಿ ಕಪ್ಪು ಕಾಗದ ಹಾಸಿ ಅದರ ಮೇಲೆ ನಿಲ್ಲಿಸಿ. ಪುಡಿ ಬಿದ್ದರೆ ಹಾರ್ಡ್‌ವೇರ್ ಅಂಗಡಿಯ ಮರದ ಹುಳದ ಔಷಧಿಯನ್ನು ಸಿರಿಂಜಿನಿಂದ ತೂತಿಗೆ ಬಿಟ್ಟು ಮೇಣದಿಂದ ಮುಚ್ಚಬೇಕು. ಹಾಸಿಗೆ, ದಿಂಬು, ಬಟ್ಟೆ ಹೊದಿಸಿದ ಸೋಫಾ ಗೊತ್ತಿಲ್ಲದವರಿಂದ ಬೇಡವೇ ಬೇಡ. ತಗಣೆ ಒಮ್ಮೆ ಬಂದರೆ ಬಾಡಿಗೆದಾರನಿಗಿಂತ ಗಟ್ಟಿಯಾಗಿ ಕೂರುತ್ತದೆ.

ಹಳೇ ಬಣ್ಣದ ಬಾಗಿಲು, ತೊಟ್ಟಿಲು, ಕಿಟಕಿ ಕಂಡರೆ ಉಜ್ಜಿ ಹೊಳಪು ಕೊಡುವ ಆಸೆ ಹುಟ್ಟುತ್ತದೆ. ತಾಳಿ. ಮನೆಬಣ್ಣದಲ್ಲಿ ಸೀಸವು 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣ ಮರಳುಕಾಗದದಿಂದ ಉಜ್ಜಿದರೆ ಅದು ಧೂಳಾಗಿ ಮಕ್ಕಳ ಮೂಗಿಗೆ ಹೋಗುತ್ತದೆ. ಒದ್ದೆ ಮಾಡಿ, ಮಾಸ್ಕ್ ಹಾಕಿ, ಮನೆಯ ಹೊರಗೆ ಉಜ್ಜಿ. ತೊಟ್ಟಿಲಾದರೆ ಆ ಬಣ್ಣದಲ್ಲಿ ಕೂಸನ್ನು ಮಲಗಿಸಲೇಬೇಡಿ.

ಹಿತ್ತಾಳೆ, ತಾಮ್ರ ಕೊಳ್ಳುವಾಗ ಕಿಸೆಯಲ್ಲೊಂದು ಅಯಸ್ಕಾಂತ ಇರಲಿ. ಅಂಟಿಕೊಂಡರೆ ಅದು ಹಿತ್ತಾಳೆಯ ಲೇಪ ಕೊಟ್ಟ ಕಬ್ಬಿಣ. ಹಂಡೆ-ಕೊಳಗದ ಕಿಲುಬಿಗೆ ಹುಣಸೆಹಣ್ಣು, ಉಪ್ಪು ಸಾಕು. ಅಡುಗೆಗೆ ಬಳಸುವುದಾದರೆ ಕಲಾಯಿ ಹಾಕಿಸಲೇಬೇಕು, ಇಲ್ಲದಿದ್ದರೆ ಹುಳಿ ಪದಾರ್ಥ ಲೋಹವನ್ನು ಕರಗಿಸಿಕೊಳ್ಳುತ್ತದೆ. ಕಲಾಯಿಗಾರ ಪಾತ್ರೆ ಕಾಯಿಸಿ, ನವಸಾಗರದ ಪುಡಿಯಿಂದ ಒಳಮೈ ಶುದ್ಧ ಮಾಡಿ, ತವರ ಮುಟ್ಟಿಸಿ ಹತ್ತಿಯಿಂದ ಒರೆಸುತ್ತಾನೆ. ತವರ 232 ಡಿಗ್ರಿಗೇ ಕರಗುವುದರಿಂದ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ತಗ್ಗಿದ, ಸೀಳಿದ ತಾಮ್ರದ ಪಾತ್ರೆ ಇದ್ದರೆ ಕಸಬಾ ಪೇಟೆಯ ತಾಂಬಟ್ ಆಳಿಗೆ ಒಯ್ಯಿರಿ. ಪುಣೆಯ ತಾಮ್ರಕಾರರ ಹಳೆಯ ಕೇರಿ ಅದು, ಸುತ್ತಿಗೆಯ ಸದ್ದೇ ದಾರಿ ತೋರಿಸುತ್ತದೆ.

ಕಲ್ಲಿನ ವಿಗ್ರಹ, ಹಳೇ ಕಂಚಿನ ಮೂರ್ತಿ ಅಗ್ಗಕ್ಕೆ ಸಿಕ್ಕರೆ ಮುಟ್ಟಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥವನ್ನು ಮಾರಲು ಪರವಾನಗಿ ಬೇಕು, ಇಟ್ಟುಕೊಳ್ಳಲು ನೋಂದಣಿ ಬೇಕು. ಅದು ಯಾವುದೋ ಹಳ್ಳಿಯ ಗುಡಿಯದೂ ಆಗಿರಬಹುದು.

ಕೊಂಡದ್ದನ್ನು ಎಲ್ಲಿಡಬೇಕು? ಈ ವಿಷಯದಲ್ಲಿ ಮಣಿಪಾಲದ ವಿಜಯನಾಥ ಶೆಣೈ ನನಗೆ ಗುರು. ಬ್ಯಾಂಕ್ ನೌಕರಿಯಲ್ಲಿದ್ದ ಅವರು ಕೆಡವುತ್ತಿದ್ದ ಹಳೇ ಮನೆಗಳ ಕಂಬ, ಬಾಗಿಲು, ತೊಲೆಗಳನ್ನು ತಂದು ‘ಹಸ್ತಶಿಲ್ಪ’ ಎಂಬ ತಮ್ಮ ಮನೆಯನ್ನೇ ಕಟ್ಟಿಕೊಂಡರು, ಮುಂದೆ ಇಡೀ ಪಾರಂಪರಿಕ ಗ್ರಾಮವನ್ನೇ ಎಬ್ಬಿಸಿ, 2017ರಲ್ಲಿ ತೀರಿಕೊಂಡರು. ಅಲ್ಲಿ ಕಂಬ ಭಾರ ಹೊರುತ್ತದೆ, ಬಾಗಿಲು ತೆರೆಯುತ್ತದೆ. ಪುಣೆಯ ದಿನಕರ ಕೇಳಕರರದು ಇನ್ನೊಂದು ದಾರಿ. ತೀರಿಹೋದ ಮಗ ರಾಜಾನ ಹೆಸರಿನಲ್ಲಿ ಅವರು ಕೂಡಿಸಿದ ದೀಪ, ಅಡಕತ್ತರಿ, ಪಾತ್ರೆಗಳು 1975ರಲ್ಲಿ ಸರ್ಕಾರಕ್ಕೆ ಹೋದವು. ಬಾಜೀರಾವ್ ರಸ್ತೆಯ ಪಕ್ಕದ ಆ ಮ್ಯೂಸಿಯಂ ನೋಡಿ ಬಂದರೆ ಸಂತೆಯಲ್ಲಿ ಕಣ್ಣು ಮೋಸಹೋಗುವುದು ಕಡಿಮೆ. ಆದರೆ ಎರಡು ಕೋಣೆಯ ಫ್ಲ್ಯಾಟಿಗೆ ಶೆಣೈ ದಾರಿಯೇ ಸರಿ. ಹಂಡೆಯಲ್ಲಿ ಗಿಡವೋ ಕೊಡೆಗಳೋ ಇರಲಿ, ಬರಣಿಯಲ್ಲಿ ಉಪ್ಪಿನಕಾಯಿ ಇರಲಿ, ಸೇರಿನಿಂದ ಅಕ್ಕಿ ಅಳೆಯಿರಿ. ಒಂದು ಕೋಣೆಗೆ ಒಂದು ದೊಡ್ಡ ಹಳೇ ವಸ್ತು ಸಾಕು. ಎರಡಾದರೆ ಗುಜರಿ ಅಂಗಡಿಯ ಕಳೆ ಬರುತ್ತದೆ. ಮರದ್ದನ್ನು ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ, ಗಾಳಿಯಾಡಲಿ.

ಜುಲೈನಲ್ಲಿ ಡ್ರಾಯರ್ ಹೊರಗೆ ಬರದೆ ಹಟ ಮಾಡುತ್ತದೆ. ಆಗ ಬಡಗಿಯನ್ನು ಕರೆದು ಕೀಸಿಸಬೇಡಿ, ಬೇಸಿಗೆಯಲ್ಲಿ ಅದು ಗಡಗಡ ಅಲ್ಲಾಡುತ್ತದೆ. ಅಂಚಿಗೆ ಮೇಣದಬತ್ತಿ ಉಜ್ಜಿ, ಒಳಗೆ ಬೇಕಾದ್ದನ್ನು ಮೊದಲೇ ತೆಗೆದಿಟ್ಟುಕೊಂಡು, ದಸರೆಯವರೆಗೆ ಕಾಯಿರಿ.