ಇಪ್ಪತ್ತು ನಿಮಿಷದ ಕಾವಲು

ಮೇಜಿನ ಮೇಲೊಂದು ಗಾಜಿನ ಟ್ಯೂಬು, ಅದರಲ್ಲಿ ಎರಡು ಎಂ.ಎಲ್. ರಕ್ತ. ಇಪ್ಪತ್ತು ನಿಮಿಷ ಅದನ್ನು ಯಾರೂ ಮುಟ್ಟಬಾರದು, ಅಲುಗಿಸಬಾರದು. ಹೊತ್ತು ಮುಗಿದ ಮೇಲೆ ನರ್ಸಮ್ಮ ಅದನ್ನು ಒಂದೇ ಸಲ ವಾಲಿಸಿ ನೋಡುತ್ತಾರೆ. ರಕ್ತ ಗಟ್ಟಿಯಾಗಿ ತಳ ಹಿಡಿದಿದ್ದರೆ ಉಸಿರು ಬಿಡಬಹುದು. ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷ ರಕ್ತಕ್ಕೆ ಇಳಿದಿದೆ ಎಂದು ಲೆಕ್ಕ. ಟ್ಯೂಬು ಗಾಜಿನದೇ ಆಗಬೇಕು, ಹೊಸದಿರಬೇಕು, ಒಣಗಿರಬೇಕು. ಸೋಪಿನ ನೀರಿನಲ್ಲಿ ತೊಳೆದದ್ದಾದರೆ ಫಲಿತಾಂಶವೇ ಸುಳ್ಳಾಗುತ್ತದೆ. ಆದ್ದರಿಂದಲೇ ಅನುಭವಸ್ಥ ನರ್ಸ್‌ಗಳು ಇಂಥ ಟ್ಯೂಬುಗಳನ್ನು ಬೇರೆಯೇ ಎತ್ತಿಟ್ಟಿರುತ್ತಾರೆ.

ತಳಕು, ಚಳ್ಳಕೆರೆ, ಮೊಳಕಾಲ್ಮುರು ಸೀಮೆಗೆ ಈ ಟ್ಯೂಬು ಬೇಕೇಬೇಕು. ಇದು ಶೇಂಗಾದ ನೆಲ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಹೆಸರು ತಂದದ್ದು ಈ ಬೆಳೆಯೇ. ಕಳೆ ತೆಗೆಯುವಾಗ, ಗಿಡ ಕೀಳುವಾಗ, ಬಣವೆ ಒಟ್ಟುವಾಗ ಬರಿಗೈ ಬರಿಗಾಲು ಮಣ್ಣಲ್ಲೇ ಇರುತ್ತವೆ. ಕಾಯಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ: ದೇಶದಲ್ಲಿ ಹೆಚ್ಚು ಜೀವ ತೆಗೆಯುವ ನಾಲ್ಕು ಹಾವುಗಳಿವು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂಬುದು ಸಂಶೋಧಕರ ಅಂದಾಜು.

ಕಡತದಲ್ಲಿ ಶುಶ್ರೂಷಾಧಿಕಾರಿ, ಊರವರ ಬಾಯಲ್ಲಿ ನರ್ಸಮ್ಮ ಅಥವಾ ಸಿಸ್ಟರ್. ರಾತ್ರಿ ಪಾಳಿಯಲ್ಲಿ ಟ್ರ್ಯಾಕ್ಟರೋ ಆಟೋವೋ ಬಾಗಿಲಿಗೆ ಬಂದು ನಿಂತಾಗ ರೋಗಿಯ ಮೇಲೆ ಬೀಳುವ ಮೊದಲ ಕೈ ಹೆಚ್ಚಾಗಿ ಇವರದೇ. ಡಾಕ್ಟರಿಗೆ ಹೇಳಿಕಳಿಸುತ್ತಲೇ ನಾಡಿ, ಉಸಿರು, ಬಿ.ಪಿ. ನೋಡುತ್ತಾರೆ, ಕೈಗೆ ಸೂಜಿ ಹಾಕಿ ಸಲೈನಿಗೆ ದಾರಿ ಮಾಡುತ್ತಾರೆ. ನಡುವೆಯೇ, “ಎಷ್ಟೊತ್ತಿಗೆ ಕಚ್ಚಿತು?” ಎಂಬ ಪ್ರಶ್ನೆ.

ಎಲ್ಲ ಹಾವೂ ಗುರುತು ಬಿಟ್ಟು ಹೋಗುವುದಿಲ್ಲ. ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚಿದರೆ ಬಾವಿಲ್ಲ, ಅಷ್ಟಾಗಿ ನೋವೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದುಕೊಂಡು ಬರುತ್ತಾರೆ. ಆಗ ನರ್ಸಮ್ಮ, “ಅಜ್ಜಾ, ಮ್ಯಾಲಕ್ಕೆ ನೋಡು. ಒಂದೇ ಉಸುರಿಗೆ ಎಣಿಸು” ಎನ್ನುತ್ತಾರೆ. ರೆಪ್ಪೆ ಜೋತುಬಿದ್ದಿದ್ದರೆ, ಎಣಿಕೆ ಗಳಿಗೆ ಗಳಿಗೆಗೂ ಕಡಿಮೆಯಾದರೆ, ವಿಷ ನರಕ್ಕೆ ತಗುಲಿದೆ. ಉಸಿರಾಟ ನಿಲ್ಲುವ ಅಪಾಯವಿದೆ. ಯಂತ್ರವಿಲ್ಲದ ಕಡೆ ಈ ಕಣ್ಣು, ಈ ಕಿವಿಯೇ ಯಂತ್ರ.

ಡಾಕ್ಟರು ಬರೆದುಕೊಟ್ಟ ಮೇಲೆ ಕೈಕೆಲಸ ಶುರು. ವಿಷಕ್ಕೆ ಮದ್ದಾದ ಎ.ಎಸ್.ವಿ. ಪುಡಿಯ ರೂಪದಲ್ಲಿದ್ದರೆ ಒಂದೊಂದು ವಯಲ್‌ಗೂ ನೀರು ಸೇರಿಸಿ ಮೆಲ್ಲಗೆ ಸುತ್ತಿಸಿ ಕರಗಿಸಬೇಕು. ಗಡಿಬಿಡಿಯಲ್ಲಿ ಕುಲುಕಿದರೆ ನೊರೆ ಏಳುತ್ತದೆ. ಹೀಗೆ ಸಾಮಾನ್ಯವಾಗಿ ಹತ್ತು ವಯಲ್ ಸಲೈನಿಗೆ ಬೆರೆತು ಸುಮಾರು ಒಂದು ತಾಸಿನಲ್ಲಿ ಮೈ ಸೇರುತ್ತವೆ. ಕೂಸಿಗೂ ದೊಡ್ಡವರಿಗೂ ಅಳತೆ ಒಂದೇ, ಯಾಕೆಂದರೆ ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ. ಆದರೆ ಮದ್ದೇ ಕೆಲವರಿಗೆ ಒಗ್ಗದು. ಮೈ ತುಂಬ ತುರಿಕೆ, ನಡುಕ, ಬಿ.ಪಿ. ಕುಸಿತ ಕಂಡರೆ ಆ ಕ್ಷಣವೇ ಡ್ರಿಪ್ ನಿಲ್ಲಿಸಿ ತೊಡೆಗೆ ಅಡ್ರಿನಲಿನ್ ಚುಚ್ಚಬೇಕು. ಅದಕ್ಕೇ ಡ್ರಿಪ್ ಹಚ್ಚಿದ ನರ್ಸ್ ರೋಗಿಯ ಮುಖ ಬಿಟ್ಟು ಕದಲುವುದಿಲ್ಲ.

ಹಾವೊಂದೇ ಅಲ್ಲ. ಬಳ್ಳಾರಿ ಹೆದ್ದಾರಿಯ ಅಪಘಾತ, ಹೆರಿಗೆಯಾದ ಮೇಲೆ ನಿಲ್ಲದ ರಕ್ತ, ನಡುರಾತ್ರಿಯ ಎದೆನೋವು, ಎಲ್ಲಕ್ಕೂ ಇದೇ ಕೈಗಳು. ಇಲ್ಲಿ ತಯಾರಿ ಎಂದರೆ ಪಾಳಿ ಬದಲಾಗುವಾಗ ಎಮರ್ಜೆನ್ಸಿ ಟ್ರೇ ಎಣಿಸಿಡುವುದು, ಆಕ್ಸಿಜನ್ ಸಿಲಿಂಡರ್ ತಿರುಗಿಸಿ ನೋಡುವುದು, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಒತ್ತಿ ನೋಡುವುದು. ಯಾರೂ ಚಪ್ಪಾಳೆ ತಟ್ಟದ ಈ ಎಣಿಕೆಯೇ ಮುಂದಿನ ರೋಗಿಯ ಆಯುಷ್ಯ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಒಳ್ಳೆಯ ಹೆಜ್ಜೆ. ಆದರೆ ವರದಿ ಬರೆಯುವ ಕೈಯೂ ಡ್ರಿಪ್ ಕಾಯುವ ಕೈಯೂ ಒಂದೇ ಆದರೆ ರೋಗಿಯ ಮುಖ ನೋಡುವವರಾರು? ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸ್ ಕೊಡುವುದು ಉಪಕಾರವಲ್ಲ, ಚಿಕಿತ್ಸೆಯ ಭಾಗ.

ನಮ್ಮಿಂದಲೂ ಆಗುವ ಕೆಲಸವಿದೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಗಾಯ ಕೊಯ್ಯಬೇಡಿ, ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗಿಸದೆ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮಂಚದ ಸುತ್ತ ಮುತ್ತಿಕೊಳ್ಳದೆ ನರ್ಸಮ್ಮನಿಗೆ ಜಾಗ ಬಿಡಿ. ಕಚ್ಚಿದ ಹೊತ್ತು ಮಾತ್ರ ಮರೆಯದೆ ಬನ್ನಿ. ಅವರು ಮೊದಲು ಕೇಳುವುದು ಅದನ್ನೇ.