ಹಳೇ ಪಿಕಪ್‌ಗೆ ಟ್ರೇಲರ್ ಕಟ್ಟೋ ಮುಂಚೆ: ಪಾಟಾ ಹಾಕಿಸಿದ್ರ ಬ್ರೇಕ್ ಗಟ್ಟಿ ಆಗಂಗಿಲ್ಲ!

ಹುಬ್ಬಳ್ಳಿ: ಸಿದ್ಧಾರೂಢರ ಜಾತ್ರೆ, ಉಳವಿ ಜಾತ್ರೆ, ಸವದತ್ತಿ ಯಲ್ಲಮ್ಮನ ಹುಣ್ಣಿಮೆ ಬಂತಂದ್ರ ಅಂಗಡಿ ಹೇರಿಕೊಂಡು ಹೊರಡುವ ಗಿರ್ಮಿಟ್-ಮಿರ್ಚಿ ವ್ಯಾಪಾರಸ್ಥರಿಗೆ ಕೈತುಂಬ ಕೆಲಸ. ಚಕ್ರದ ಮೇಲಿನ ಕಬ್ಬಿಣದ ಅಂಗಡಿಯನ್ನೇ ಮನೆಯ ಹಳೇ ಪಿಕಪ್‌ಗೆ ಕಟ್ಟಿ ಎಳೆದರೆ ಬಾಡಿಗೆ ಉಳಿಯುತ್ತೆ ಅನ್ನೋದು ಸಹಜ ಲೆಕ್ಕ. 'ಹಿಂದ ಎರಡು ಪಾಟಾ ಜಾಸ್ತಿ ಹಾಕ್ಸು, ನಡೀತದ' ಅನ್ನುವ ಸಲಹೆಯೂ ಸಿಗುತ್ತೆ. ಆದ್ರೆ ಅಷ್ಟಕ್ಕೇ ಮುಗಿಯಲ್ಲ.

ಮೊದಲು ಆರ್‌ಸಿ ನೋಡ್ರಿ

ಆರ್‌ಸಿಯಲ್ಲಿ ಗಾಡಿಯ ಖಾಲಿ ತೂಕ, ಲೋಡ್ ಸೇರಿದ ಒಟ್ಟು ತೂಕ ಎರಡೂ ಇರುತ್ತೆ. ಉದಾಹರಣೆಗೆ ಖಾಲಿ 1,600 ಕೆಜಿ, ಒಟ್ಟು 2,700 ಕೆಜಿ ಇದ್ದರೆ ಹೇರಲು ಉಳಿಯೋದು 1,100 ಕೆಜಿ. ಡ್ರೈವರ್, ಜೊತೆಗಿದ್ದವರು, ಸಾಮಾನು ಎಲ್ಲಾ ಇದರಲ್ಲೇ ಬರಬೇಕು. 800 ಕೆಜಿ ಟ್ರೇಲರ್ ಕಟ್ಟಿದರೆ ಅದರ ಭಾರದಲ್ಲಿ ಸುಮಾರು ಹತ್ತನೇ ಒಂದು ಪಾಲು, ಅಂದ್ರೆ 80 ಕೆಜಿ, ಕೊಂಡಿಯ ಮೇಲೆ ಬೀಳುತ್ತೆ. ಅದನ್ನೂ 1,100ರೊಳಗೆ ಹಿಡಿಯಬೇಕು. ಭಾರವೆಲ್ಲ ಟ್ರೇಲರ್ ಹಿಂಭಾಗಕ್ಕೆ ಹೇರಿದ್ರೆ ಕೊಂಡಿ ಹಗುರಾಗಿ, ವೇಗದಲ್ಲಿ ಟ್ರೇಲರ್ ಬಾಲ ಬೀಸಿದಂಗೆ ತೂಗಾಡುತ್ತೆ.

ಎಳೆಯೋದಲ್ಲ, ನಿಲ್ಲಿಸೋದು ಕಷ್ಟ

ಪಾಟಾ ಹಾಕಿಸಿದ್ರ ಗಾಡಿ ಹಿಂದೆ ಕುಸಿಯಲ್ಲ, ಅಷ್ಟೇ. ಆಕ್ಸಲ್, ಚಾಸಿ, ಟೈರ್, ಬ್ರೇಕ್ ಹಳೇವೇ. ಒಟ್ಟು ಭಾರ ಎರಡು ಪಟ್ಟಾದರೆ ಬ್ರೇಕ್ ತಡೀಬೇಕಾದ ಶಕ್ತಿಯೂ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಅದೆಲ್ಲಾ ಬಿಸಿಯಾಗಿ ಡ್ರಮ್ಮಿಗೆ ಸೇರುತ್ತೆ. ಯಲ್ಲಾಪುರ ದಾಟಿ ಅಂಕೋಲಾ ಕಡೆ ಅರಬೈಲ್ ಘಟ್ಟ ಇಳಿಯುವಾಗ ಬ್ರೇಕ್ ಒತ್ತುತ್ತಲೇ ಹೋದರೆ ಲೈನರ್ ಕಾದು ಹಿಡಿತ ಬಿಡುತ್ತೆ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡೋದು, ಎಂಜಿನ್ ಬಂದ್ ಮಾಡೋದು ಜೀವಕ್ಕೇ ಕುತ್ತು. ಎಂಜಿನ್ ನಿಂತರೆ ಬ್ರೇಕ್ ಬೂಸ್ಟರ್‌ನ ಸಹಾಯವೂ ಬೇಗ ಮುಗಿಯುತ್ತೆ.

ಖರ್ಚು ಮಾಡೋದಿದ್ರೆ ಈ ಕ್ರಮದಲ್ಲಿ ಮಾಡ್ರಿ: ಲೈನರ್, ಬ್ರೇಕ್ ಆಯಿಲ್, ಸವೆದ ಟೈರ್, ರೇಡಿಯೇಟರ್ ಮತ್ತು ಹೋಸ್ ಪೈಪ್, ಕ್ಲಚ್ ಪ್ಲೇಟ್. ಟ್ರೇಲರ್‌ಗೆ ಬ್ರೇಕ್ ಲೈಟ್, ಇಂಡಿಕೇಟರ್, ರಿಫ್ಲೆಕ್ಟರ್, ಕೊಂಡಿ ಕಳಚಿದರೂ ಹಿಡಿಯುವ ಚೈನ್ ಇರಲೇಬೇಕು.

ಕಾನೂನು ಏನನ್ನುತ್ತೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿನ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. ಟ್ರೇಲರ್‌ಗೂ ನೋಂದಣಿ ಬೇಕು. 2019ರ ತಿದ್ದುಪಡಿಯಲ್ಲಿ ಅಕ್ರಮ ಬದಲಾವಣೆಗೆ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಓವರ್‌ಲೋಡ್‌ಗೆ 20,000 ರೂ., ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂ. ಹೆಚ್ಚುವರಿ ಮಾಲು ಇಳಿಸೋ ಖರ್ಚೂ ಮಾಲೀಕರದ್ದೇ. ಅಪಘಾತವಾದರೆ ವಿಮೆ ಕಂಪನಿ ತಕರಾರು ತೆಗೆಯಬಹುದು. ಹಾಗಾಗಿ ವೆಲ್ಡಿಂಗ್ ಮಾಡಿಸೋ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸೋದು ಒಳ್ಳೇದು.

ಖರ್ಚಿಲ್ಲದ ಉಪಾಯ

500 ಲೀಟರ್ ನೀರಿನ ಟಾಕಿ ಅಂದ್ರೆ 500 ಕೆಜಿ ಭಾರ. ಖಾಲಿ ಒಯ್ದು ಜಾತ್ರೆ ಜಾಗದಲ್ಲೇ ತುಂಬಿಸ್ರಿ. ಹೊರಡೋ ಮುಂಚೆ ಪಿಕಪ್, ಟ್ರೇಲರ್ ಎರಡನ್ನೂ ವೇಬ್ರಿಜ್ ಮೇಲೆ ತೂಗಿಸ್ರಿ. ಲೆಕ್ಕ ಮೀರಿದ್ರೆ ಎರಡು ಟ್ರಿಪ್ ಹೊಡೆಯೋದು, ಇಲ್ಲವೇ ದೊಡ್ಡ ಗಾಡಿ ಬಾಡಿಗೆ ಹಿಡಿಯೋದೇ ಕೊನೆಗೆ ಅಗ್ಗ.