ಐಮಂಗಲದ ದಾಳಿಂಬೆ, ಕಾಕ್‌ಟೇಲ್‌ನ ಕೆಂಪು

(ದೃಶ್ಯ: ಬಿಡಿಸಿದ ದಾಳಿಂಬೆ)
ಕಾಕ್‌ಟೇಲ್ ಲೋಟದ ತಳಕ್ಕೆ ನಿಧಾನವಾಗಿ ಇಳಿಯುವ ಕೆಂಪು ಸಿರಪ್ ನೋಡಿದ್ದೀರಾ? ಅದರ ಹೆಸರು ಗ್ರೆನಡಿನ್. ಫ್ರೆಂಚ್‌ನಲ್ಲಿ ‘ಗ್ರೆನಾಡ್’ ಅಂದರೆ ದಾಳಿಂಬೆ! ಆದರೆ ಅಂಗಡಿಯ ಎಷ್ಟೋ ಬಾಟಲಿಗಳಲ್ಲಿ ದಾಳಿಂಬೆ ರಸವೇ ಇರುವುದಿಲ್ಲ. ಬರೀ ಬಣ್ಣ, ಸಕ್ಕರೆ ಪಾಕ. ದಾಳಿಂಬೆ ಬೆಳೆಯುವ ಹಿರಿಯೂರು ಸೀಮೆಯ ಐಮಂಗಲದವರಾದ ನಮಗೆ ಆ ಬಾಟಲಿ ಯಾಕೆ? ಮನೆಯಲ್ಲೇ ಮಾಡೋಣ.

(ದೃಶ್ಯ: ಒಲೆ, ಪಾತ್ರೆ)
ಒಂದು ಲೋಟ ದಾಳಿಂಬೆ ರಸಕ್ಕೆ ಒಂದು ಲೋಟ ಸಕ್ಕರೆ. ಸಣ್ಣ ಉರಿ. ಸಕ್ಕರೆ ಕರಗಿದ ಕೂಡಲೇ ಇಳಿಸಿ. ಕುದಿಸಿದರೆ ಹಣ್ಣಿನ ಘಮ ಹೋಗುತ್ತದೆ. ಆರಿದ ಮೇಲೆ ಒಂದು ಚಮಚ ನಿಂಬೆರಸ. ಫ್ರಿಜ್‌ನಲ್ಲಿಡಿ, ವಾರದೊಳಗೆ ಮುಗಿಸಿ.

(ದೃಶ್ಯ: ಅಳತೆ ಲೋಟ)
ಈಗ ಕಾಕ್‌ಟೇಲ್‌ನ ಹದ. ಹಳೆಯ ಸೂತ್ರ ಇದು: ಮದ್ಯ 2 ಪಾಲು, ಹುಳಿ 1, ಸಿಹಿ 1. ಸಿಹಿಯ ಪಾಲಿಗೆ ನಮ್ಮ ಗ್ರೆನಡಿನ್. ಮದ್ಯ ಬೇಡವೇ? ಆ ಜಾಗಕ್ಕೆ ಎಳನೀರು ಅಥವಾ ತಣ್ಣಗಿನ ಶುಂಠಿ ಕಷಾಯ ಹಾಕಿ, ಮೇಲೆ ಸೋಡಾ. ಕಹಿ ಅನಿಸಿದರೆ ಚಿಟಿಕೆ ಉಪ್ಪು. ಉಪ್ಪು ಕಹಿಯನ್ನು ಅಡಗಿಸುತ್ತದೆ.

ಪ್ರಯೋಗದ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅಳತೆ ಬರೆದಿಡಿ.

(ದೃಶ್ಯ: ಪಾನಕದ ಲೋಟ)
ರಾಮನವಮಿಯ ಪಾನಕ ನೆನಪಿಸಿಕೊಳ್ಳಿ. ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿ. ಸಿಹಿ, ಹುಳಿ, ಖಾರದ ಈ ಹದ ನಮ್ಮಜ್ಜಿಯರ ಕೈಯಲ್ಲಿ ಆಗಲೇ ಇತ್ತು.

ಮದ್ಯ ಬೆರೆಸಿದ ದಿನ ಮಾತ್ರ ಗಾಡಿ ಮುಟ್ಟಬೇಡಿ. ನಮ್ಮೂರ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48 ಇದೆ. ಮನೆಯಲ್ಲಿ ನಿಮಗಾಗಿ ಕಾಯುವವರಿದ್ದಾರೆ.